ರೇಷ್ಮೆ ಕಾಲುಚೀಲದ ತೂತು

ಜನವರಿ 9

ಪ್ರೀತಿಯ ಅಕ್ಕ,

ಈ ಕಾಗದವನ್ನು ಫಿಲಂ ಡಬ್ಬಿಯ ಜೊತೆಗೇ ವ್ಯಾನಿನಲ್ಲಿ ಕಳಿಸುತ್ತಿದ್ದೇನೆ. ಇಲ್ಲಿ ಫೋನ್ ಇರುವುದು ಧಣಿಗಳ ಕೋಣೆಯಲ್ಲಿ ಮಾತ್ರ. ಧಣಿ ಅಂದರೆ ನಮ್ಮ ನಿರ್ಮಾಪಕರು. ಮಗನನ್ನು ನಾಯಕನನ್ನಾಗಿ ಮಾಡಲೆಂದೇ ಚಿತ್ರ ತೆಗೆಯುತ್ತಿರುವವರು. ಮಗನನ್ನು ಎಲ್ಲರೂ ಚಿಕ್ಕ ಧಣಿ ಅನ್ನುತ್ತಾರೆ. ಆ ಕೋಣೆಯಲ್ಲಿ ನಿಂತು ನಿನ್ನ ಕೈಲಿ ಬೈಸಿಕೊಂಡರೆ ಇಡೀ ಯೂನಿಟ್ಟಿಗೆ ಗೊತ್ತಾಗುತ್ತದೆ. ಕಾಗದದಲ್ಲಿ ಬೈದರೆ ನನಗೊಬ್ಬನಿಗೇ.

ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ, ಪರೀಕ್ಷೆಗೆಂದು ತೆಗೆದ ಈ ರೋಲನ್ನು ನಿನ್ನ ಲ್ಯಾಬಿನಲ್ಲಿ ತೊಳೆದರೆ ನಿನಗೇ ತಿಳಿಯುತ್ತದೆ. ನಿರ್ದೇಶಕರಿಗೆ ಇಡೀ ಚಿತ್ರ ಹಳೇ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ ಫೋಟೋದ ಹಾಗೆ ಕಾಣಬೇಕಂತೆ. ಅಂಚುಗಳು ಕರಗಬೇಕು, ಬೆಳಕು ಹಾಲಿನ ಹಾಗೆ ಹರಡಬೇಕು, ಕಪ್ಪು ಪೂರಾ ಕಪ್ಪಾಗಬಾರದು. ಹೊಡೆದಾಟ ಕೂಡ ಹಾಗೇ ಇರಬೇಕಂತೆ. ಈ ಚಿತ್ರದಲ್ಲಿ ಹೊಡೆದಾಟ ಬಿಟ್ಟರೆ ಬೇರೇನೂ ಇಲ್ಲ ಅನ್ನುವುದು ಬೇರೆ ಮಾತು. "ರಕ್ತ ನೋಡಿದ್ರೂ ಜನ ಎಷ್ಟು ಚೆಂದ ಅನ್ಬೇಕು" ಅಂದರು.

ನಾನು ಲೆನ್ಸಿನ ಮುಂದೆ ಗಾಜು ಇಟ್ಟು ಅದಕ್ಕೆ ವ್ಯಾಸಲೀನ್ ಬಳಿದೆ. ಫೈಂಡರಿನಲ್ಲಿ ನೋಡಿದರೆ ಕಣ್ಣಿಗೆ ಪೊರೆ ಬಂದವನ ಲೋಕದ ಹಾಗಿದೆ. ಇಷ್ಟು ವರ್ಷ ಬೇರೆಯವರ ಕ್ಯಾಮೆರಾಕ್ಕೆ ಫೋಕಸ್ ತಿರುಗಿಸಿಕೊಂಡು ಬಂದೆ. ಪರದೆಯ ಮೇಲೆ ನನ್ನ ಹೆಸರು ಬರುವುದು ಇದೇ ಮೊದಲು ಅಕ್ಕ. ಇದು ಕೆಟ್ಟರೆ ಮತ್ತೆ ಯಾರೂ ನನ್ನನ್ನು ಕರೆಯುವುದಿಲ್ಲ. ಏನಾದರೂ ದಾರಿ ಹೇಳು.

ನಿನ್ನ ತಮ್ಮ


ಜನವರಿ 13

ಒಕ್ಕಣ್ಣಾ,

ರೋಲು ತೊಳೆದೆ. ನೋಡಿದ ಮೇಲೆ ನನ್ನ ಕಣ್ಣನ್ನೂ ತೊಳೆದುಕೊಂಡೆ. ಅದು ಹಳೇ ಫೋಟೋ ಅಲ್ಲ, ಎಣ್ಣೆ ಸ್ನಾನ. ವ್ಯಾಸಲೀನನ್ನು ಒಡೆದ ಹಿಮ್ಮಡಿಗೆ ಹಚ್ಚಿಕೋ, ಅದನ್ನು ಮಾಡಿರುವುದು ಅದಕ್ಕೇ.

ಈಗ ಗಮನವಿಟ್ಟು ಓದು. ಹೆಂಗಸರು ಹಾಕಿಕೊಳ್ಳುವ ತೆಳ್ಳನೆಯ ಕಪ್ಪು ರೇಷ್ಮೆ ಕಾಲುಚೀಲ ಒಂದು ತೆಗೆದುಕೋ. ಹತ್ತಿಯದಲ್ಲ, ರೇಷ್ಮೆಯದು. ಲೆನ್ಸಿನ ಹಿಂಭಾಗಕ್ಕೆ ಅದನ್ನು ತಮಟೆಯ ಚರ್ಮದ ಹಾಗೆ ಬಿಗಿದು ಕಟ್ಟು. ನಡುವೆ ಬೀಡಿಯ ಕೆಂಡ ತಾಗಿಸಿ ಒಂದು ತೂತು ಸುಡು. ಆ ತೂತಿನ ಎದುರು ಬಂದದ್ದು ನಿಚ್ಚಳವಾಗಿ ಕಾಣುತ್ತದೆ, ಸುತ್ತಲಿನದು ಕರಗಿ ಹೋಗುತ್ತದೆ. ನೋಡುವವನಿಗೆ ಏನು ಮಾಡಿದ್ದೀಯ ಅಂತ ತಿಳಿಯುವುದಿಲ್ಲ, ಎದೆಯಲ್ಲಿ ಏನೋ ಆಗುತ್ತದೆ ಅಷ್ಟೇ. ದೀಪಗಳನ್ನು ಆಳಿನ ಹಿಂದೆ ಇಡು. ಹೊಗೆ ಬಿಟ್ಟ ಕೂಡಲೇ ತೆಗೆಯಬೇಡ, ಕಿಟಕಿ ಬಾಗಿಲು ಮುಚ್ಚಿಸಿ ಅದು ಗಾಳಿಯಲ್ಲಿ ನಿಲ್ಲುವ ತನಕ ಕಾಯಿ. ಮಿಕ್ಕಿದ್ದು ನನಗೆ ಬಿಡು. ತೊಳೆಯುವ ಮೊದಲು ರೋಲಿಗೆ ಕಂಡೂ ಕಾಣದಷ್ಟು ಬೆಳಕು ತೋರಿಸುತ್ತೇನೆ, ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಈ ಲ್ಯಾಬಿನಲ್ಲಿ ತೊಳೆಯುವ ಕೆಲಸಕ್ಕೆ ನಾನು ಯಜಮಾನಿಯಾಗಿರುವುದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಚಿಕ್ಕವನಿದ್ದಾಗಿನಿಂದ ಒಂದು ಕಣ್ಣು ಮುಚ್ಚಿಕೊಂಡೇ ಲೋಕ ನೋಡಿದವನು ನೀನು. ಹೊಗೆ, ಚೀಲ, ಎದುರು ಬೆಳಕು ಎಲ್ಲ ಸೇರಿದರೆ ಫೈಂಡರಿನಲ್ಲಿ ನಿನಗೇ ಏನೂ ಗೊತ್ತಾಗದೆ ಹೋದೀತು. ಮುಚ್ಚಿದ ಕಣ್ಣನ್ನು ಆಗಾಗ ತೆರೆಯುತ್ತಿರು, ಎಡವಿ ಬಿದ್ದರೆ ಕ್ಯಾಮೆರಾ ಒಡೆಯುತ್ತದೆ. ನಿನ್ನ ತಲೆ ಒಡೆದರೆ ಚಿಂತೆಯಿಲ್ಲ, ಹೊಲಿಯಬಹುದು.

ಅಕ್ಕ


ಜನವರಿ 20

ಅಕ್ಕ,

ಕಾಲುಚೀಲ ಕೊಳ್ಳಲು ಹೋದರೆ ಅಂಗಡಿಯವಳು ಯಾರಿಗೆ, ಅಳತೆ ಎಷ್ಟು ಅಂದಳು. ಲೆನ್ಸಿಗೆ ಅಂದೆ. ಬಾಗಿಲು ತೋರಿಸಿದಳು. ಕೊನೆಗೆ ಬುಗುರಿ ಹೋಗಿ ಹೆಂಡತಿಗೆ ಅಂತ ಸುಳ್ಳು ಹೇಳಿ ತಂದುಕೊಟ್ಟ.

ನಿನ್ನ ಮಾತು ನಿಜವಾಯಿತು. ಫೈಂಡರಿನಲ್ಲಿ ನೋಡಿ ನಿರ್ದೇಶಕರು ನನ್ನ ಬೆನ್ನ ಮೇಲೆ ಕೈಯಿಟ್ಟು ಇದೇ, ಇದೇ ಅಂದರು. ನಾವು ಚಿತ್ರ ತೆಗೆಯುತ್ತಿರುವ ಹಳೇ ಗಿರಣಿ ಈಗ ಗಿರಣಿಯಲ್ಲ. ತುಕ್ಕು ಹಿಡಿದ ಯಂತ್ರಗಳ ನಡುವೆ ಬೆಳಕು ತೇಲುತ್ತದೆ, ಅದರೊಳಗೆ ಇಬ್ಬರು ಗಂಡಸರು ಬಡಿದಾಡುತ್ತಾರೆ.

ಬುಗುರಿ ಯಾರೆಂದು ಹೇಳಲಿಲ್ಲ ಅಲ್ಲವೇ. ಹೊಡೆದಾಟದವನು. ಏಟು ಬಿದ್ದರೆ ಬುಗುರಿಯ ಹಾಗೆ ಸುತ್ತಿ ಬೀಳುತ್ತಾನೆ, ಅದಕ್ಕೇ ಆ ಹೆಸರು. ಇಷ್ಟು ಕಾಲ ಬೇರೆ ನಟರ ಬದಲು ಬಿದ್ದು ಎದ್ದವನು, ಈ ಸಲ ಎದುರಾಳಿಯ ಪಾತ್ರ ಅವನದೇ. ಕುಡಿತವಿಲ್ಲ, ಬೀಡಿಯಿಲ್ಲ, ಮೈಯೇ ನನ್ನ ಅಂಗಡಿ ಅನ್ನುತ್ತಾನೆ. ನನ್ನ ಪಕ್ಕದ ಹಾಸಿಗೆ ಅವನದು. ಹೊಡೆದಾಟದವರಲ್ಲಿ ಒಂದು ಕಟ್ಟಳೆ ಇದೆಯಂತೆ, ಮೊದಲ ದಿನವೇ ನಮಗೆಲ್ಲ ಹೇಳಿಕೊಟ್ಟ. ಕೂಗು ನರಳಾಟ ಎಲ್ಲ ನಟನೆಯಲ್ಲೂ ಇರುತ್ತದೆ, ಅದನ್ನು ನಂಬಬೇಡಿ. ಅಂಗೈಯನ್ನು ನೆಲಕ್ಕೆ ಎರಡೆರಡು ಸಲ ಬಡಿದರೆ ಪೆಟ್ಟು ನಿಜವಾದದ್ದು. ಅದನ್ನು ಯಾರು ಮೊದಲು ನೋಡುತ್ತಾರೋ ಅವರು ನಿಲ್ಲಿಸಿ ಅಂತ ಕೂಗಬೇಕು. ಅವನು ಧಣಿಯಾದರೂ ಸರಿ, ನೀರು ತರುವವನಾದರೂ ಸರಿ.

ಚಿಕ್ಕ ಧಣಿಯದೇ ಕಿರಿಕಿರಿ. ಮೊನ್ನೆ ಕನ್ನಡಿ ತಡವಾಗಿ ತಂದನೆಂದು ಮೇಕಪ್ಪಿನವನ ಕಪಾಳಕ್ಕೆ ಬಾರಿಸಿದ. ಬೆರಳಲ್ಲಿ ದಪ್ಪ ಉಂಗುರವಿದೆ, ಪಾಪ, ಆ ಮುದುಕನ ಕೆನ್ನೆ ಹರಿದು ಹೋಯಿತು. ಕ್ಯಾಮೆರಾದ ಮುಂದೆ ಮಾತ್ರ ಅವನ ಕೈ ಏಳುವುದೇ ಇಲ್ಲ. ನಿನ್ನೆ ನಿರ್ದೇಶಕರು ಏಟು ಏಟಿನ ಹಾಗಿಲ್ಲ ಅಂತ ಗೊಣಗುತ್ತಿದ್ದರು. ಬುಗುರಿ ನೆಲದಲ್ಲಿ ಮಲಗಿದ್ದವನು ತಲೆಯೆತ್ತಿ, "ಚಿಕ್ಕ ಧಣಿ ನೊಣ ಓಡಿಸ್ತಾ ಇದಾರೆ, ನನ್ನ ಮೇಲೆ ಒಂದೂ ಕೂತಿಲ್ಲ" ಅಂದ. ಯೂನಿಟ್ಟೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಚಿಕ್ಕ ಧಣಿ ನಗಲಿಲ್ಲ.

ನಾಡಿದ್ದು ಕೊನೆಯ ಹೊಡೆದಾಟ, ಗಿರಣಿಯ ಕಲ್ಲಿನ ಮೆಟ್ಟಿಲ ಮೇಲೆ. ಒಂದೇ ಉಸಿರಿನಲ್ಲಿ, ಎಲ್ಲೂ ಕತ್ತರಿಸದೆ ತೆಗೆಯಬೇಕು ಅಂತ ನನ್ನ ಆಸೆ.

ನಿನ್ನ ತಮ್ಮ


ಜನವರಿ 23

ಅಕ್ಕ,

ಮೆಟ್ಟಿಲ ಮೇಲಿನ ಹೊಡೆದಾಟದ ರೋಲು ಇದು. ಒಂದೇ ಸಲ ತೆಗೆದದ್ದು, ಇನ್ನೊಂದು ಇಲ್ಲ. ಜೋಪಾನ. ತಲೆ ಸಿಡಿಯುತ್ತಿದೆ, ಹೆಚ್ಚು ಬರೆಯಲಾರೆ.

ತಮ್ಮ


ಜನವರಿ 26

ನನ್ನ ಬಂಗಾರದ ಒಕ್ಕಣ್ಣಾ,

ನಾನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವಳಲ್ಲ. ನಮ್ಮ ಅಪ್ಪನ ಶ್ರಾದ್ಧದ ದಿನವೂ ಅವರ ತಪ್ಪುಗಳನ್ನೇ ಲೆಕ್ಕ ಹಾಕಿದವಳು. ಅಂಥವಳು ಹೇಳುತ್ತಿದ್ದೇನೆ ಕೇಳು: ಈ ಲ್ಯಾಬಿನಲ್ಲಿ ಇಂಥದ್ದೊಂದು ಪರದೆಯ ಮೇಲೆ ಓಡಿದ್ದನ್ನು ನಾನು ನೋಡಿಲ್ಲ.

ಮೊದಲ ಪ್ರಿಂಟನ್ನು ನಮ್ಮ ಪುಟ್ಟ ಪರದೆಯ ಮೇಲೆ ಹಾಕಿದೆವು. ಮಾತು ಆಮೇಲೆ ಸೇರಿಸುವುದಲ್ಲವೇ, ಹಾಗಾಗಿ ಎಲ್ಲ ಮೂಕ. ಆ ಮೌನದಲ್ಲಿ ಅವನು ಉರುಳಿ ಬೀಳುವುದು, ಇವನು ಎದೆಯ ಮೇಲೆ ಕೂತು ಬಡಿಯುವುದು, ಸುತ್ತ ಆ ಬೆಳಕು. ಪ್ರಿಂಟಿನ ಬೆಳಕು ಹೆಚ್ಚು ಕಡಿಮೆ ಮಾಡುವ ಲ್ಯಾಬಿನ ಹಿರಿಯರು ಎದ್ದು ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮತ್ತೊಮ್ಮೆ ಹಾಕಿ ಅಂದರು, ಮತ್ತೆ ತಟ್ಟಿದೆವು. ನನ್ನ ಕಣ್ಣಲ್ಲಿ ನೀರು ಬಂತು, ರಾಸಾಯನಿಕದ ಘಾಟು ಅಂತ ಹೇಳಿದೆ.

ನಿನ್ನ ಬುಗುರಿ ಎಂಥ ನಟ ಕಣೋ. ಆ ಬಾಯಿ ತೆರೆದ ಪರಿ, ಆ ಕಣ್ಣು ಮೇಲಾಗುವ ಪರಿ. ಇಂಥವನನ್ನು ಇಷ್ಟು ದಿನ ಬರೀ ಬೀಳಿಸುತ್ತಿದ್ದರಲ್ಲ. ರಕ್ತಕ್ಕೆ ಏನು ಕಲಸಿದಿರಿ? ಸಾಮಾನ್ಯವಾಗಿ ಜಾಮಿನ ಹಾಗೆ ಕಾಣುತ್ತದೆ, ಇದು ತುಟಿಯಿಂದ ಇಳಿದ ರೀತಿಯೇ ಬೇರೆ. ಬುಗುರಿಗೆ ನನ್ನ ಶಾಭಾಶ್‌ ಹೇಳು. ಮರೆಯಬೇಡ.

ಅಕ್ಕ


ಫೆಬ್ರವರಿ 2

ಅಕ್ಕ,

ನಿನ್ನ ಕಾಗದ ಬಂತು. ಉತ್ತರ ಬರೆಯಲು ತಡವಾಯಿತು, ಕೆಲಸ.

ಒಂದು ಸಹಾಯವಾಗಬೇಕು. ಆ ಮೆಟ್ಟಿಲಿನ ಶಾಟ್ ಇನ್ನೂ ಮಬ್ಬಾಗಿರಬೇಕು ಅಂತ ನಿರ್ದೇಶಕರ ಅಭಿಪ್ರಾಯ. ಪ್ರಿಂಟು ಮಾಡುವಾಗ ಬೆಳಕು ಏರಿಸಿ, ರಕ್ತ ಗುರುತಿಗೆ ಸಿಗದ ಹಾಗೆ ಮಾಡಲಾಗುತ್ತದೆಯೇ? ಮುಖ ಕೂಡ ಅಷ್ಟು ಸ್ಪಷ್ಟವಾಗಿರುವುದು ಬೇಡವಂತೆ. ಅಲ್ಲಿಯವರೆಗೆ ಆ ರೋಲನ್ನು ಮತ್ತೆ ಯಾರಿಗೂ ತೋರಿಸಬೇಡ.

ಬುಗುರಿಗೆ ನಿನ್ನ ಮಾತು ಹೇಳಲು ಆಗಲಿಲ್ಲ. ಆ ದಿನ ಕೆಲಸ ಮುಗಿದ ಮೇಲೆ ಕುಡಿದು ಮೆಟ್ಟಿಲಿಂದ ಜಾರಿ ಬಿದ್ದ. ಇಲ್ಲಿಯ ಆಸ್ಪತ್ರೆಯಲ್ಲಿದ್ದಾನೆ. ಖರ್ಚೆಲ್ಲ ಧಣಿಗಳು ನೋಡಿಕೊಳ್ಳುತ್ತಿದ್ದಾರೆ. ಅವನ ಉಳಿದ ಭಾಗವನ್ನು ಇನ್ನೊಬ್ಬನನ್ನು ಬೆನ್ನು ಮಾಡಿ ನಿಲ್ಲಿಸಿ ತೆಗೆಯುತ್ತಿದ್ದೇವೆ.

ತಮ್ಮ


ಫೆಬ್ರವರಿ 5

ತಮ್ಮಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಳ್ಳ ಅನ್ನುವ ಮೊದಲೇ ನೀನು ಹೆಗಲು ಒರೆಸಿಕೊಳ್ಳುತ್ತಿದ್ದೀಯ.

ಕುಡಿತವಿಲ್ಲ, ಮೈಯೇ ಅವನ ಅಂಗಡಿ ಅಂತ ಬರೆದವನು ನೀನು. ಅವನು ಕುಡಿದು ಬಿದ್ದ ಅಂತ ಬರೆಯುವವನೂ ನೀನೇ. ಬಿದ್ದ ಮೆಟ್ಟಿಲೂ ಅದೇ, ಬಿದ್ದ ದಿನವೂ ಅದೇ. ಸಿಕ್ಕಾಪಟ್ಟೆ ಚೆನ್ನಾಗಿದೆ ಅಂತ ನಾನು ಬರೆದ ಶಾಟಿನಲ್ಲಿ ಮುಖ ಕಾಣಬಾರದು, ರಕ್ತ ಕಾಣಬಾರದು. ಮಬ್ಬು ಬೇಕು ಅಂತ ಯಾವ ನಿರ್ದೇಶಕನೂ ಬೇಡಿಕೊಳ್ಳುವುದಿಲ್ಲ ಕಣೋ, ಬೈದು ಕೇಳುತ್ತಾನೆ. ನಿನ್ನ ಕಾಗದ ಬೇಡಿಕೊಳ್ಳುತ್ತಿದೆ.

ರಕ್ತಕ್ಕೆ ಏನು ಕಲಸಿದಿರಿ ಅಂತ ಕೇಳಿದ್ದೆ. ಅದಕ್ಕೆ ಉತ್ತರ ಬರೆದಿಲ್ಲ. ಬರೆ.

ಅಕ್ಕ


ಫೆಬ್ರವರಿ 9

ಅಕ್ಕ,

ಬುಗುರಿ ನಿನ್ನೆ ಬೆಳಿಗ್ಗೆ ತೀರಿಕೊಂಡ. ಕಣ್ಣು ಬಿಡಲೇ ಇಲ್ಲ.

ಏನೂ ಕಲಸಿರಲಿಲ್ಲ. ಚಿಕ್ಕ ಧಣಿ ಮೊದಲ ಏಟನ್ನೇ ನಿಜವಾಗಿ ಕೊಟ್ಟ. ಉಂಗುರ ತೆಗೆದಿರಲಿಲ್ಲ. ಬುಗುರಿಯ ತುಟಿ ಸೀಳಿತು. ಮೊದಲು ಅವನೂ ಆಟ ಅಂದುಕೊಂಡ, ಏಟು ತಿಂದು ಸುತ್ತಿ ಬಿದ್ದ, ಎದ್ದ. ಆಮೇಲೆ ಹೊಟ್ಟೆಗೆ ಒದೆ ಬಿತ್ತು. ಮೆಟ್ಟಿಲ ಮೇಲೆ ಅಂಗಾತ ಬಿದ್ದವನ ಎದೆಯ ಮೇಲೆ ಕೂತು, ಕೂದಲು ಹಿಡಿದು, ಹಿಂದಲೆಯನ್ನು ಕಲ್ಲಿಗೆ ಬಡಿದ. ಬಡಿಯುತ್ತಾ "ಈಗ ಕೂತ್ಕೊಳ್ತಾ ನೊಣ" ಅಂತ ಕೇಳುತ್ತಿದ್ದ. ನಿರ್ದೇಶಕರಿಗೆ ಚಿಕ್ಕ ಧಣಿಯ ಬೆನ್ನು ಮಾತ್ರ ಕಾಣುತ್ತಿತ್ತು, ಧಣಿಗಳ ಮಗ ಕೊನೆಗೂ ನಟಿಸುತ್ತಿದ್ದಾನೆ ಅಂದುಕೊಂಡು ಸಾಕು ಅನ್ನಲೇ ಇಲ್ಲ. ರೋಲು ಮುಗಿದು ಕ್ಯಾಮೆರಾ ತಾನಾಗಿ ನಿಂತಿತು. ಆಗ ಎಲ್ಲರೂ ಓಡಿದೆವು.

ನನಗೇನೂ ಕಾಣಲಿಲ್ಲ ಅಕ್ಕ. ನೀನೇ ಹೇಳಿದ್ದೆಯಲ್ಲ, ಹೊಗೆ, ಚೀಲ, ಎದುರು ಬೆಳಕು ಸೇರಿದರೆ ನಿನಗೇ ಏನೂ ಗೊತ್ತಾಗುವುದಿಲ್ಲ ಅಂತ. ಬರೀ ಹಾಲಿನಂಥ ಬೆಳಕು ಕಂಡಿತು. ದೇವರಾಣೆ.

ಅವನ ಹೆಂಡತಿ ಇಲ್ಲಿಯ ಠಾಣೆಗೆ ಹೋಗಿ, ನನ್ನ ಗಂಡ ಕುಡಿಯುವವನಲ್ಲ ಅಂತ ಬರೆದುಕೊಟ್ಟಿದ್ದಾಳೆ. ನಿನ್ನೆ ಧಣಿಗಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಏನು ಹೇಳಬೇಕು ಅಂತ ಹೇಳಿಕೊಟ್ಟರು. ಚಿಕ್ಕ ಧಣಿ ನನ್ನ ಬೆರಳುಗಳನ್ನು ಕ್ಯಾಮೆರಾ ಪೆಟ್ಟಿಗೆಯ ಬಾಯಲ್ಲಿಟ್ಟು ಮುಚ್ಚಳವನ್ನು ಮೆಲ್ಲಗೆ ಒತ್ತಿದ. ಮುರಿಯಲಿಲ್ಲ, ತೋರಿಸಿದ ಅಷ್ಟೇ.

ಅತ್ತ ದರಿ, ಇತ್ತ ಪುಲಿ. ನಿನ್ನ ಕೈಯಲ್ಲಿ ನನ್ನ ಬದುಕಿದೆ. ಯಂತ್ರಕ್ಕೆ ಸಿಕ್ಕಿ ನೆಗೆಟಿವ್ ಹರಿದು ಹೋಗುವುದು ಎಲ್ಲ ಲ್ಯಾಬಿನಲ್ಲೂ ಆಗುತ್ತದೆ. ಹರಿಯಲಿ ಅಕ್ಕ. ಬುಗುರಿ ಹೇಗೂ ತಿರುಗಿ ಬರುವುದಿಲ್ಲ.

ತಮ್ಮ


ಫೆಬ್ರವರಿ 12

ನಿನ್ನನ್ನು ಏನಂತ ಕರೆಯಬೇಕೋ ತಿಳಿಯುತ್ತಿಲ್ಲ.

ಒಬ್ಬ ಮನುಷ್ಯ ಸಾಯುವುದನ್ನು ನೋಡಿ ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಮತ್ತೊಮ್ಮೆ ಹಾಕಿ ಅಂದೆವು. ಅದನ್ನು ಹೊಗಳಿದ ನನ್ನ ಕಾಗದವನ್ನು ನೀನು ಹೇಗೆ ಓದಿದೆ, ಓದಿ ಹೇಗೆ ಸುಮ್ಮನಿದ್ದೆ ಅಂತ ಮೂರು ಹೊತ್ತೂ ಯೋಚಿಸುತ್ತಿದ್ದೇನೆ.

ಯಂತ್ರಕ್ಕೆ ಕೊಡುವ ಮೊದಲು ಒಮ್ಮೆ ನೋಡೋಣ ಅಂತ ಪ್ರಿಂಟನ್ನು ನೋಡುವ ಮೇಜಿಗೆ ಹಾಕಿದೆ. ಹೌದು, ಕೊಡಬೇಕು ಅಂತಲೇ ಇದ್ದೆ. ನೀನು ನನ್ನ ತಮ್ಮ, ನಿನ್ನ ಬೆರಳು ನನ್ನ ಬೆರಳು. ಕೈಯಲ್ಲಿ ತಿರುಗಿಸುತ್ತಾ ಒಂದೊಂದೇ ಚೌಕ ನೋಡಿದೆ. ಪರದೆಯ ಮೇಲೆ ಅವನ ಮುಖ ನೋಡುತ್ತಾ ನಾವು ಕೈ ನೋಡಿರಲಿಲ್ಲ. ಚಿತ್ರದ ಕೆಳಗೆ, ಮಬ್ಬಿನ ಭಾಗದಲ್ಲಿ, ಅವನ ಎಡಗೈ ಕಲ್ಲನ್ನು ಬಡಿಯುತ್ತದೆ. ಎರಡು ಸಲ. ತಡೆದು ಮತ್ತೆ ಎರಡು ಸಲ. ಆಮೇಲೆ ನಿನ್ನ ಕ್ಯಾಮೆರಾ ಕೆಳಗಿಳಿಯುತ್ತದೆ.

ಓದುತ್ತಿದ್ದೀಯಾ? ಮುಖದ ಮೇಲಿದ್ದ ಕ್ಯಾಮೆರಾ ಕೆಳಗಿಳಿದು ಕೈಯ ಮೇಲೆ ನಿಲ್ಲುತ್ತದೆ. ನಾನು ಸುಡಲು ಹೇಳಿಕೊಟ್ಟ ತೂತಿನ ಎದುರು ಆ ಅಂಗೈ ಬರುತ್ತದೆ. ಉಗುರಿನ ಕೊಳೆ ಕೂಡ ಕಾಣುವಷ್ಟು ನಿಚ್ಚಳವಾಗಿದೆ. ಆ ಕೈ ಮತ್ತೆ ಎರಡು ಸಲ ಬಡಿಯುತ್ತದೆ, ನೀನು ಅದನ್ನು ನೋಡುತ್ತೀಯ. ಆಮೇಲೆ ಕ್ಯಾಮೆರಾ ಏರಿ ಮುಖಕ್ಕೆ ಹೋಗುತ್ತದೆ. ಅಲುಗಾಡದೆ, ನಿಧಾನವಾಗಿ, ನಾನು ಹೆಮ್ಮೆ ಪಡುವಷ್ಟು ನಯವಾಗಿ.

ಕ್ಯಾಮೆರಾ ತಾನಾಗಿ ಇಳಿಯುವುದಿಲ್ಲ. ಅದರ ಹಿಡಿಯಲ್ಲಿ ಇದ್ದದ್ದು ನಿನ್ನ ಕೈ. ನೀನು ನೋಡಿದ್ದೆ. ದೇವರ ಆಣೆ ಹಾಕಿ ನೋಡಲಿಲ್ಲ ಅಂತ ನನಗೇ ಬರೆದೆ. ನೀನು ಎದುರಿಗಿದ್ದಿದ್ದರೆ ಆ ಚಿಕ್ಕ ಧಣಿ ಒತ್ತದೆ ಬಿಟ್ಟ ಮುಚ್ಚಳವನ್ನು ನಾನೇ ಒತ್ತುತ್ತಿದ್ದೆ.

ಹರಿಯುವುದಿಲ್ಲ. ನೆಗೆಟಿವ್ ನನ್ನ ಬೀರುವಿನಲ್ಲಿದೆ.

ಅಕ್ಕ


ಫೆಬ್ರವರಿ 24

ತಮ್ಮಾ,

ಈ ಸಲ ನೀನು ಒಂದು ಸಾಲೂ ಬರೆಯಲಿಲ್ಲ. ನಿನ್ನ ಬದಲು ಇಬ್ಬರು ಬಂದರು.

ಹಾಡಹಗಲು, ಊಟದ ಹೊತ್ತು, ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲು ಹಾಕಿಕೊಂಡು ಮೆಟ್ಟಿಲಿನ ರೋಲು ಕೊಡಿ ಅಂತ ಮರ್ಯಾದೆಯಿಂದಲೇ ಕೇಳಿದರು. ಇಲ್ಲ ಅಂದೆ. ಒಬ್ಬ ನನ್ನ ಜುಟ್ಟು ಹಿಡಿದು ಮುಖವನ್ನು ನೋಡುವ ಮೇಜಿನ ಗಾಜಿಗೆ ಬಡಿದ. ಎರಡನೆಯ ಏಟಿಗೆ ಗಾಜು ಒಡೆಯಿತು. ಮುಂದಿನ ಹಲ್ಲು ಒಂದು ಹೋಗಿದೆ, ಹುಬ್ಬಿಗೆ ಹೊಲಿಗೆ ಹಾಕಿದ್ದಾರೆ. ನಾನೂ ಸುಮ್ಮನಿರಲಿಲ್ಲ, ತೊಳೆಯುವ ಆಸಿಡ್ಡನ್ನು ಮಗ್ಗಿನಿಂದ ಒಬ್ಬನ ಮೇಲೆ ಎರಚಿದೆ. ಅವನು ಅರಚಿದ್ದು ಇನ್ನೂ ನನ್ನ ಕಿವಿಯಲ್ಲಿ ಹಿತವಾಗಿದೆ. ಆದರೂ ಬೀರು ಒಡೆದು ನೆಗೆಟಿವ್ ಎಳೆದರು, ನನ್ನ ಕಣ್ಣೆದುರೇ ಬೆಂಕಿ ಹಚ್ಚಿದರು. ಬೀರುವಿನಲ್ಲಿದೆ ಅಂತ ನಾನು ಬರೆದದ್ದು ನಿನಗೊಬ್ಬನಿಗೆ. ಅವರಿಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳುವುದಿಲ್ಲ, ನೀನು ಹೇಳುವ ಹಾಗಿದ್ದರೆ ಹೇಳು.

ಮತ್ತೊಮ್ಮೆ ನೋಡಲೆಂದು ಪ್ರೊಜೆಕ್ಟರಿಗೆ ಹಾಕಿದ್ದ ಪ್ರಿಂಟು ಮಾತ್ರ ಅಲ್ಲೇ ಉಳಿದಿತ್ತು. ಅವರಿಗೆ ಅಷ್ಟು ತಿಳಿಯಲಿಲ್ಲ.

ನಿಮ್ಮಲ್ಲಿಯ ಠಾಣೆಗೆ ಸುದ್ದಿ ಕಳಿಸಿದೆ. ಮೊನ್ನೆ ಅಲ್ಲಿಯ ಇನ್ಸ್‌ಪೆಕ್ಟರ್ ಬಂದಿದ್ದರು, ಜೊತೆಗೆ ಬುಗುರಿಯ ಹೆಂಡತಿ. ಹಾಕಿ ತೋರಿಸಿದೆ. ಆಕೆ ಗೋಡೆಗೆ ಒರಗಿ ನಿಂತೇ ನೋಡಿದಳು. ಮುಗಿದ ಮೇಲೆ ಇನ್ಸ್‌ಪೆಕ್ಟರ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ತುಂಬಾ ಚೆನ್ನಾಗಿ ತೆಗೆದಿದ್ದಾರೆ" ಅಂದರು. ಅವನ ಕೈ ತೋರಿಸಿದೆ. ನಟ ಅಂದ ಮೇಲೆ ಕೈ ಕಾಲು ಬಡಿಯುವುದಿಲ್ಲವೇ ಅಂದರು. ರಕ್ತ ತೋರಿಸಿದೆ. ಎಲ್ಲ ಸಿನಿಮಾದಲ್ಲೂ ಇದಕ್ಕಿಂತ ಹೆಚ್ಚು ರಕ್ತವಿರುತ್ತದೆ ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳುತ್ತಿರಲಿಲ್ಲ. ನಾವಿಬ್ಬರೂ ಸೇರಿ ಅದನ್ನು ಅಷ್ಟು ಚೆಂದ ಮಾಡಿದ್ದೇವೆ. ಕೊಲೆ ಅಂತ ಯಾರಿಗೂ ಅನ್ನಿಸುವುದಿಲ್ಲ. ನಿನ್ನ ಕಾಗದಗಳನ್ನು ನಾನು ಅವರಿಗೆ ಕೊಡಲಿಲ್ಲ, ಅದನ್ನು ನೀನೇ ಬಾಯಿಬಿಟ್ಟು ಹೇಳಬೇಕು.

ಮಾರ್ಚ್ ಒಂದರಂದು ನೀವಿರುವ ಊರಿನ ಟಾಕೀಸಿನಲ್ಲಿ ಯೂನಿಟ್ಟಿನವರನ್ನೆಲ್ಲ ಕೂರಿಸಿ ಅದನ್ನು ಹಾಕಿಸುತ್ತಾರಂತೆ, ಒಬ್ಬೊಬ್ಬರ ಹೇಳಿಕೆ ತೆಗೆದುಕೊಂಡು ಕಡತ ಮುಚ್ಚುತ್ತಾರಂತೆ. ಆ ಕ್ಯಾಮೆರಾ ಯಾಕೆ ಕೆಳಗಿಳಿಯಿತು ಅಂತ ಹೇಳಬಲ್ಲವನು ಲೋಕದಲ್ಲಿ ಒಬ್ಬನೇ. ನೀನು ಹೇಳಿದರೆ ಅದು ಸಾಕ್ಷಿ. ಹೇಳದಿದ್ದರೆ ಅದು ಸಿನಿಮಾ.

ಮುಖ ಊದಿದೆ, ಬಗ್ಗಿದರೆ ಹೊಲಿಗೆ ಎಳೆಯುತ್ತದೆ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಅಕ್ಕ


ಮಾರ್ಚ್ 3

ಅಕ್ಕ,

ಬೀರುವಿನ ಮಾತು ಹೇಳಿದ್ದು ನಾನೇ. ನಿನ್ನ ಕಾಗದ ಓದಿ ನಿರ್ದೇಶಕರ ಹತ್ತಿರ ಹೋಗಿ, ನನ್ನ ಅಕ್ಕ ಹರಿಯುವುದಿಲ್ಲವಂತೆ, ಬೀರುವಿನಲ್ಲಿ ಇಟ್ಟಿದ್ದಾಳಂತೆ ಅಂದೆ. ಅವರು ಧಣಿಗಳಿಗೆ ಹೇಳಿದರು. ಹೋಗಿ ಮಾತಾಡಿ ಒಪ್ಪಿಸುತ್ತಾರೆ ಅಂದುಕೊಂಡೆ, ಇಲ್ಲ, ಹಾಗೂ ಅಂದುಕೊಳ್ಳಲಿಲ್ಲ. ಏನಾದರೂ ಆಗಲಿ, ನನ್ನ ತಲೆಯಿಂದ ಇಳಿಯಲಿ ಅಂದುಕೊಂಡೆ. ನಿನ್ನ ಹಲ್ಲು ಹೋದದ್ದು ನನ್ನಿಂದ.

ಟಾಕೀಸಿನಲ್ಲಿ ಏನಾಯಿತು ಅಂತ ನಿನಗೆ ನಾನೇ ಬರೆಯಬೇಕು. ಬೇರೆಯವರಿಂದ ಕೇಳಬೇಡ.

ಬೆಳಗಿನ ಹೊತ್ತು, ಕಸ ಗುಡಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಧಣಿಗಳು, ಚಿಕ್ಕ ಧಣಿ, ನಿರ್ದೇಶಕರು. ಹಿಂದೆ ನಾವೆಲ್ಲ. ಬುಗುರಿಯ ಹೆಂಡತಿ ಗೋಡೆಯ ಪಕ್ಕ ನಿಂತಿದ್ದರು, ಕೂತುಕೊಳ್ಳಿ ಅಂದರೂ ಕೂರಲಿಲ್ಲ. ದೀಪ ಆರಿಸಿ ಹಾಕಿದರು. ನಾನು ತೆಗೆದದ್ದನ್ನು ನಾನು ಪರದೆಯ ಮೇಲೆ ನೋಡಿದ್ದು ಅದೇ ಮೊದಲು. ನಿಜ ಹೇಳುತ್ತೇನೆ ಅಕ್ಕ, ಮೊದಲ ಕ್ಷಣ ನನಗೆ ಹೆಮ್ಮೆಯಾಯಿತು. ಅದಕ್ಕಾಗಿ ನನ್ನನ್ನು ಚಪ್ಪಲಿಯಲ್ಲಿ ಹೊಡೆದರೂ ಕಡಿಮೆ. ನನ್ನ ಪಕ್ಕದಲ್ಲಿ ಮೇಕಪ್ಪಿನ ಮುದುಕ, ಕೆನ್ನೆಯ ಗಾಯ ಇನ್ನೂ ಮಾಸಿಲ್ಲ, ಅವನು ಕೂಡ ಮೆಲ್ಲಗೆ "ಆಹಾ" ಅಂದ.

ದೀಪ ಹಾಕಿ ಒಬ್ಬೊಬ್ಬರನ್ನೇ ಕೇಳಿದರು. ನಟನೆ, ನಟನೆ, ನಟನೆ. ಆಮೇಲೆ ಕುಡಿದ, ಬಿದ್ದ. ಮುದುಕನೂ ಅದನ್ನೇ ಹೇಳಿದ. ನನ್ನ ಸರದಿ ಬಂತು. ಇನ್ನೊಮ್ಮೆ ಹಾಕಿಸಿ ಅಂದೆ. ಪರದೆಯ ಹತ್ತಿರ ಹೋಗಿ ನಿಂತೆ. ಬುಗುರಿಯ ಅರ್ಧ ಮುಖ ನನ್ನ ಅಂಗಿಯ ಮೇಲೆ ಬೀಳುತ್ತಿತ್ತು. ಅವನ ಕೈ ಕಲ್ಲಿಗೆ ಬಡಿದ ಕಡೆ ಬೆರಳಿಟ್ಟೆ. ಹೊಡೆದಾಟದವರ ಕಟ್ಟಳೆ ಏನು, ಅದನ್ನು ಎಲ್ಲರಿಗೂ ಅವನು ಹೇಗೆ ಹೇಳಿಕೊಟ್ಟಿದ್ದ ಅಂತ ಹೇಳಿದೆ. "ಇಲ್ಲಿ ನಾನು ಕೈ ನೋಡ್ದೆ. ಅದಕ್ಕೇ ಕ್ಯಾಮೆರಾ ಇಳಿಸ್ದೆ. ಪೆಟ್ಟು ನಿಜ ಅಂತ ನನಗೆ ಗೊತ್ತಿತ್ತು. ನಾನು ಕೂಗ್ಲಿಲ್ಲ" ಅಂದೆ. ಚಿಕ್ಕ ಧಣಿ ನೊಣದ ಬಗ್ಗೆ ಏನು ಕೇಳುತ್ತಿದ್ದ ಅನ್ನುವುದನ್ನೂ ಹೇಳಿದೆ. ಫಿಲಮ್ಮಿಗೆ ಕಿವಿಯಿಲ್ಲ, ನನಗಿತ್ತು.

ಚಿಕ್ಕ ಧಣಿ ಸಾಲು ದಾಟಿ ಬಂದದ್ದು ನನಗೆ ತಿಳಿಯಲಿಲ್ಲ. ಮೊದಲ ಏಟು ಮೂಗಿಗೆ, ಆಮೇಲೆ ಕೆಳಗೆ ಬಿದ್ದವನ ಪಕ್ಕೆಲುಬಿಗೆ ಬೂಟು. ಅದೇ ಉಂಗುರ. ಪರದೆಯ ಮೇಲೆ ಅವನು ಬುಗುರಿಯನ್ನು ಬಡಿಯುತ್ತಿದ್ದ, ಪರದೆಯ ಕೆಳಗೆ ನನ್ನನ್ನು. ಇನ್ಸ್‌ಪೆಕ್ಟರ್ ಮತ್ತು ಪೇದೆಗಳು ಎಳೆದು ಹಿಡಿಯುವಷ್ಟರಲ್ಲಿ ಎರಡು ಎಲುಬು ಮುರಿದಿದ್ದವು. ಅವನನ್ನು ಅಲ್ಲಿಂದಲೇ ಕರೆದುಕೊಂಡು ಹೋದರು. ಧಣಿಗಳು ಅವನ ಹಿಂದೆ ಹೋದರು. ಅದಾದ ಮೇಲೆ ಮೇಕಪ್ಪಿನ ಮುದುಕ ಎದ್ದು, ನನ್ನ ಹೇಳಿಕೆ ತಿದ್ದಿಕೊಳ್ಳಬೇಕು ಸ್ವಾಮಿ ಅಂದ. ಆಮೇಲೆ ದೀಪದವನು. ಆಮೇಲೆ ಇನ್ನಿಬ್ಬರು.

ನಾನು ಪರದೆಗೆ ಒರಗಿ ಕೂತಿದ್ದೆ, ಮೂಗಿನಿಂದ ರಕ್ತ ನಿಲ್ಲುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ನನ್ನ ಮಾತನ್ನು ಬರೆದುಕೊಂಡು ಓದಿ ಹೇಳಿದರು. ಧೈರ್ಯವಾಗಿ ನಿಜ ಹೇಳಿದಿರಿ ಅಂತ ಬೆನ್ನು ತಟ್ಟಿದರು. ಸಹಿ ಹಾಕಲು ಪೆನ್ನು ತೆಗೆದುಕೊಂಡೆ.

ಆಗ ಬುಗುರಿಯ ಹೆಂಡತಿ ಗೋಡೆ ಬಿಟ್ಟು ಹತ್ತಿರ ಬಂದರು. ಅಳುತ್ತಿರಲಿಲ್ಲ. ನನ್ನ ಎದುರು ಕುಕ್ಕರಗಾಲಲ್ಲಿ ಕೂತು, ಅರ್ಥವಾಗದ ಒಂದು ವಿಷಯವನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು.

"ಕೈ ನೋಡಿದ್ರಲ್ಲ. ಮತ್ತೆ ಯಾಕೆ ಮುಖದ ಕಡೆ ಹೋದ್ರಿ?"

ಭಯ ಅನ್ನಬಹುದಿತ್ತು, ಧಣಿಗಳ ಭಯ ಅಂದರೆ ಎಲ್ಲರೂ ನಂಬುತ್ತಿದ್ದರು. ಗಾಬರಿಯಲ್ಲಿ ಏನು ಮಾಡಿದೆನೋ ತಿಳಿಯಲಿಲ್ಲ ಅನ್ನಬಹುದಿತ್ತು. ಆಕೆ ನನ್ನನ್ನೇ ನೋಡುತ್ತಿದ್ದರು.

"ಮುಖ ತುಂಬಾ ಚೆನ್ನಾಗಿ ಬರ್ತಾ ಇತ್ತು, ಅಮ್ಮ" ಅಂದೆ.

ಆಕೆ ಎದ್ದು ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಇದನ್ನೂ ಬರ್ಕೊಳ್ಳಿ" ಅಂದರು.

ಬರೆದುಕೊಂಡರು. ಅದರ ಕೆಳಗೆ ಸಹಿ ಹಾಕಿದ್ದೇನೆ.

ನಿನ್ನ ತಮ್ಮ